ನಾಲ್ಕನೆಯ ಮೂಲೆ

ಬೀದಿಯವರು ಅವಳಿಗೆ ಇಟ್ಟ ಹೆಸರು ಭೂತಗನ್ನಡಿ. ಎದುರಿಗೆ ಮಾತ್ರ ಎಲ್ಲರೂ ‘ಟೈಲರಕ್ಕ’ ಎನ್ನುತ್ತಿದ್ದರು. ಹಾಲಿನವನು ಅವಳ ಬಾಗಿಲಲ್ಲಿ ಅಳತೆಯ ಲೋಟವನ್ನು ತುಳುಕುವಷ್ಟು ತುಂಬುತ್ತಿದ್ದ. ತರಕಾರಿಯವಳು ಅವಳು ಬರುವುದನ್ನು ಕಂಡೊಡನೆ ಮೆತ್ತಗಾದ ಟೊಮೇಟೊಗಳನ್ನು ಬುಟ್ಟಿಯ ತಳಕ್ಕೆ ತಳ್ಳುತ್ತಿದ್ದಳು. ಇದನ್ನೆಲ್ಲ ನೋಡಿದವರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ ಎಂದು ಗೊತ್ತಾಗುತ್ತಿತ್ತು. ಅವಳಿಗೂ ಅದು ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

ಹುಟ್ಟಿದಾಗಿನಿಂದ ಅವಳು ಹಾಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಯಾರು ಏನು ಹೇಳಿದರೂ ನಂಬುತ್ತಿದ್ದಳಂತೆ. ಮಾಡು ಸೋರುವುದಿಲ್ಲ ಎಂದು ಗಂಡ ಹೇಳಿದ, ನಂಬಿದಳು. ಮಳೆಗಾಲ ಪೂರ್ತಿ ಪಾತ್ರೆ ಇಟ್ಟು, ಪಾತ್ರೆ ತುಂಬಿದಾಗ ಚೆಲ್ಲಿ, ನೆಲ ಒರೆಸಿದಳು. ಯಾರೋ ಬಳಸಿ ಬಿಟ್ಟ ವಾಷಿಂಗ್ ಮೆಷಿನ್ನನ್ನು ‘ಹೊಸದರ ಹಾಗೇ ಇದೆ ಕಣೇ’ ಎಂದು ಹೊತ್ತು ತಂದ, ನಂಬಿದಳು. ಅದು ಬಟ್ಟೆಗಿಂತ ಹೆಚ್ಚಾಗಿ ಬಚ್ಚಲಿನ ಹೊಸ್ತಿಲನ್ನು ತೊಳೆಯಿತು. ನೀರಿನ ಫಿಲ್ಟರು, ಗೀಸರು, ಹೊಸ ನಲ್ಲಿ, ಯಾವುದೇ ಆಗಲಿ, ತರುವವನು ಅವನು, ಸೋರಿದಾಗ ಬಟ್ಟೆ ಹಿಡಿದು ಮಂಡಿಯೂರುವವಳು ಇವಳು. ಅವನು ನಿಂತುಕೊಂಡು ‘ಎಲ್ಲಿಂದ ಬರ್ತಿದೆ ನೋಡು’ ಎನ್ನುತ್ತಿದ್ದ. ಹೀಗೆ ನೋಡಿ ನೋಡಿಯೇ ಅವಳ ಕಣ್ಣು ಹರಿತವಾದದ್ದು. ಅನುಮಾನವೆಂಬುದು ಅವಳಿಗೆ ಗುಣವಾಗಿ ಬಂದದ್ದಲ್ಲ, ಕೆಲಸ ಉಳಿಸಿಕೊಳ್ಳುವ ಉಪಾಯವಾಗಿ ಬಂದದ್ದು.

ಗಂಡ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ನಿವೃತ್ತನಾದ ಮೇಲೆ ರಕ್ತದೊತ್ತಡ ಏರಿತು. ದಿನವೂ ಸ್ವಲ್ಪ ಹೊತ್ತು ಸುಮ್ಮನೆ ಕೂತು ಮನಸ್ಸಿಗೆ ತಂಪಾಗುವಂಥದ್ದೇನಾದರೂ ನೋಡಿ ಎಂದು ಡಾಕ್ಟರು ಹೇಳಿದರು. ಇಷ್ಟು ವರ್ಷ ನನ್ನ ಮುಖ ನೋಡಿದ್ದು ಸಾಲದೇ ಎಂದು ಅವಳು ಕೇಳಿದಳು. ಅದನ್ನು ನೋಡಿಯೇ ಡಾಕ್ಟರ ಹತ್ತಿರ ಹೋಗಬೇಕಾಯಿತು ಎಂದು ಅವನು ನಕ್ಕ. ಆ ನಗುವಿನ ಬೆನ್ನಲ್ಲೇ ಮೀನಿನ ತೊಟ್ಟಿಯ ಮಾತು ಬಂತು.

ಅಂಗಡಿಯಲ್ಲಿ ಸಿಗುವ ಪುಟ್ಟ ಗಾಜಿನ ಪೆಟ್ಟಿಗೆಯಾಗಿದ್ದರೆ ಅವಳು ಮಾತಾಡುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಮುಂದಿನ ಕೋಣೆಯ ಗೋಡೆಗೆ ಅಳತೆ ಕೊಟ್ಟು ಮಾಡಿಸಿದ ಅಕ್ರಿಲಿಕ್ ತೊಟ್ಟಿ. ಮಾಡುವವನು ಅವನ ಅಕ್ಕನ ಮಗ, ಸೋದರಳಿಯ. ಅಂಗಡಿಗಳಿಗೆ ಬೋರ್ಡು, ಕೌಂಟರು ಮಾಡಿಕೊಡುವ ಕಾರ್ಖಾನೆ ಇಟ್ಟಿದ್ದ. ಆ ಕೋಣೆಯಲ್ಲಿ ಉಳಿದ ಗೋಡೆಗಳಿಗೆಲ್ಲ ಬಾಗಿಲು. ಬಾಗಿಲಿಲ್ಲದ ಒಂದೇ ಗೋಡೆಯ ಪಕ್ಕದಲ್ಲಿ ಕಿಟಕಿಯ ಬೆಳಕಿಗೆ ಅವಳ ಕತ್ತರಿಸುವ ಮೇಜಿತ್ತು. ತೊಟ್ಟಿ ಬಂದರೆ ಅದರ ಅಂಚು ಮೇಜಿನ ಅಂಚಿಗೆ ತಾಗಿಕೊಂಡೇ ನಿಲ್ಲುವುದು. ಮೇಜಿನ ಮೇಲೂ ಕೆಳಗೂ ಬೇರೆಯವರ ಬಟ್ಟೆ. ಅದರಲ್ಲೂ ಆ ತಿಂಗಳು ಶಾಲೆಯೊಂದರ ಸಮವಸ್ತ್ರದ ಥಾನುಗಳು ಬಂದು ಬಿದ್ದಿದ್ದವು. ಅವಳ ಇಷ್ಟು ವರ್ಷಗಳ ಹೊಲಿಗೆಯಲ್ಲಿ ಅಷ್ಟು ದೊಡ್ಡ ಕೆಲಸ ಕೈಗೆ ಬಂದದ್ದು ಅದೇ ಮೊದಲು. ತೊಟ್ಟಿಯ ಒಂದು ಮೂಲೆ ಬಾಯಿ ಬಿಟ್ಟರೆ ಸಾಕು, ಆ ಕೆಲಸವೂ ಅದರ ಹಿಂದಿನ ಹೆಸರೂ ನೀರುಪಾಲು.

“ಮೀನು ನೋಡ್ತಾ ನೋಡ್ತಾ ಕತ್ತರಿಸಬಹುದು” ಎಂದು ಗಂಡ ಆಸೆ ತೋರಿಸಿದ.

ಮೀನು ನೋಡುತ್ತಾ ಕತ್ತರಿಸಿದರೆ ತೋಳಿನ ಜಾಗದಲ್ಲಿ ಬಾಲ ಬರುತ್ತದೆ ಎಂದಳು ಅವಳು. ಆಮೇಲೆ ಒಂದೇ ಷರತ್ತು ಹಾಕಿದಳು: ತೊಟ್ಟಿ ಹೊಸ್ತಿಲು ದಾಟುವ ಮೊದಲು ಅದರ ಜೋಡಣೆಗಳನ್ನು ತಾನು ನೋಡಬೇಕು. ಮನಸ್ಸಿಗೆ ಬಾರದಿದ್ದರೆ ತೊಟ್ಟಿ ಬರಕೂಡದು. ಗಂಡ ಒಪ್ಪಿದ. ಒಪ್ಪಿದ ವೇಗ ನೋಡಿಯೇ ಅವಳಿಗೆ ಅನುಮಾನ ಬಂತು. ಅಕ್ಕನ ಮಗ ಮಾಡಿದ್ದನ್ನು ಬೇಡವೆಂದು ಹೇಳಿ ಇಡೀ ಬಳಗದ ಬಾಯಿಗೆ ಬೀಳುವ ಧೈರ್ಯ ಇವಳಿಗೆಲ್ಲಿಂದ ಬರಬೇಕು ಎಂದು ಅವನು ಲೆಕ್ಕ ಹಾಕಿದ್ದ.

ಅಳಿಯನ ಕಾರ್ಖಾನೆಗೆ ಅವಳು ಟಾರ್ಚು ಮತ್ತು ಒಂದು ತುಂಡು ಕಪ್ಪು ಬಟ್ಟೆ ತೆಗೆದುಕೊಂಡು ಹೋದಳು. ಅರ್ಧ ಎತ್ತಿದ ಷಟರಿನ ಒಳಗೆ ಹಿಟ್ಟಿನಂಥ ಬಿಳಿ ಧೂಳು, ಸಕ್ಕರೆ ಸೀದು ಹೋದಂಥ ವಾಸನೆ. ಗೋಡೆಗೆ ಒರಗಿಸಿದ ದೊಡ್ಡ ದೊಡ್ಡ ಅಕ್ಷರಗಳು, ಅರ್ಧ ಹೆಸರುಗಳು. ನಡುವೆ ಕಂಬಳಿ ಹಾಸಿದ ಮೇಜಿನ ಮೇಲೆ ತೊಟ್ಟಿ. ಖಾಲಿಯಿದ್ದರೂ ಅದರೊಳಗೆ ಏನೋ ಇದ್ದಂತೆ ಕಾಣುತ್ತಿತ್ತು, ಅಷ್ಟು ತಿಳಿ.

ಅಳಿಯ ಹೆಗಲ ಮೇಲಿನ ಬಟ್ಟೆಯಿಂದ ಅದನ್ನು ಒರೆಸುತ್ತಾ ಬಣ್ಣಿಸಿದ. ಗಾಜಿಗಿಂತ ಹಗುರ, ಗಾಜಿಗಿಂತ ಗಟ್ಟಿ. ಇದಕ್ಕೆ ಹಾಕುವುದು ಗೋಂದಿನಂಥ ಅಂಟಲ್ಲ. ನೀರಿನಷ್ಟು ತೆಳು, ಎರಡೂ ಹಾಳೆಗಳನ್ನು ಕರಗಿಸಿ ಒಂದೇ ಮಾಡಿಬಿಡುತ್ತದೆ. ನೀರು ತುಂಬಿ ಇಟ್ಟು ನೋಡಿದ್ದಾಗಿದೆ, ಒಂದು ಹನಿಯೂ ಜಿನುಗಿಲ್ಲ. ಅವನು ಇಷ್ಟೆಲ್ಲ ಹೇಳುವಾಗ ತೊಟ್ಟಿಯ ಒಂದೇ ಮೂಲೆಗೆ ಬೆನ್ನು ಕೊಟ್ಟು ನಿಂತಿದ್ದನ್ನು ಅವಳು ಗಮನಿಸಿದಳು. ಅವನು ಕೈ ಬೀಸುತ್ತಿದ್ದ, ತಲೆ ಆಡಿಸುತ್ತಿದ್ದ, ಕಾಲು ಮಾತ್ರ ಕದಲುತ್ತಿರಲಿಲ್ಲ.

ಅವಳು ದೂರದ ಮೂಲೆಯಿಂದ ಶುರು ಮಾಡಿದಳು. ಬೆಸುಗೆಯ ಹಿಂದೆ ಕಪ್ಪು ಬಟ್ಟೆ ಹಿಡಿದು, ಪಕ್ಕದಿಂದ ಟಾರ್ಚು ಬಿಟ್ಟು, ಉಗುರಿನಿಂದ ಮೇಲಿಂದ ಕೆಳಗೆ ಗೀರಿದಳು. ಅಳಿಯ ನಕ್ಕ.

“ಅತ್ತೆ, ಇದು ಅಂಗಿ ಅಲ್ಲ, ಎಳೆದು ನೋಡೋಕೆ.”

“ಅಂಗಿ ಬಿಚ್ಚಿಕೊಂಡರೆ ಹಾಕ್ಕೊಂಡವನಿಗೆ ನಾಚಿಕೆ ಕಣೋ. ಇದು ಬಿಚ್ಚಿಕೊಂಡರೆ ಒರೆಸೋದು ನಾನು.”

ಮೊದಲ ಮೂಲೆಯಲ್ಲಿ ಅವಳಿಗೆ ಹೇಳಲು ಏನೂ ಸಿಗಲಿಲ್ಲ. ಎಲ್ಲಿ ಒಂದು ಹಾಳೆ ಮುಗಿದು ಇನ್ನೊಂದು ಶುರುವಾಯಿತೆಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಸಾಸಿವೆಗಿಂತ ಸಣ್ಣ ಗುಳ್ಳೆ ಅಲ್ಲೊಂದು ಇಲ್ಲೊಂದು. ಬೆಳ್ಳಿಯಂತೆ ಹೊಳೆಯುವ ತೇಪೆ ಕಂಡರೆ ಅಲ್ಲಿ ಅಂಟು ಹಿಡಿದಿಲ್ಲ ಎಂದರ್ಥ ಎಂದು ಅಳಿಯನೇ ಹೇಳಿದ್ದ, ಅಂಥದ್ದೊಂದೂ ಇರಲಿಲ್ಲ. ಬೆಸುಗೆ ಮುಗಿಯುವಲ್ಲಿ, ಮೇಲ್ತುದಿಯಲ್ಲಿ, ಒಣಗಿದ ಒಂದು ಪುಟ್ಟ ಹನಿಯ ಗುರುತು. ದಾರ ಕಡಿದ ಜಾಗದಲ್ಲಿ ಗಂಟು ಇರುವ ಹಾಗೆ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಮೂರರಲ್ಲೂ ಹನಿ ಮೇಲ್ತುದಿಗೆ. ಇಷ್ಟು ಚೆನ್ನಾಗಿದೆಯೆಂದರೆ ಇದರಲ್ಲೇನೋ ಇದೆ ಎಂದುಕೊಂಡು ಮತ್ತೊಂದು ಸುತ್ತು ನೋಡಿದಳು. ಏನೂ ಇರಲಿಲ್ಲ. ಅವಳಿಗೆ ಸ್ವಲ್ಪ ನಿರಾಶೆಯೇ ಆಯಿತು.

“ಸರೀನಮ್ಮ ಭೂತಗನ್ನಡಿ? ಹೊರಡೋಣವಾ?” ಎಂದ ಗಂಡ. ಆ ಹೆಸರು ಅವನಿಗೂ ಗೊತ್ತಿದೆ ಎನ್ನುವುದು ಅವಳಿಗೆ ಆವತ್ತು ತಿಳಿಯಿತು.

ಅವಳು ಅಳಿಯನಿಗೆ ಪಕ್ಕಕ್ಕೆ ಸರಿ ಎಂದು ಕೈಸನ್ನೆ ಮಾಡಿದಳು. ಅವನು ಸರಿದ. ನಾಲ್ಕನೆಯ ಮೂಲೆಗೆ ಹಾಳೆಯ ಜೊತೆ ಬಂದ ರಕ್ಷಣೆಯ ಕಾಗದ ಇನ್ನೂ ಅಂಟಿಕೊಂಡಿತ್ತು. ಸಾಗಿಸುವಾಗ ಗೀರು ಬೀಳದಿರಲಿ ಅಂತ ಬಿಟ್ಟದ್ದು, ಮನೆಗೆ ಬಂದ ಮೇಲೆ ಕಿತ್ತರಾಯಿತು ಎಂದ ಅಳಿಯ. ಗೀರು ಬೀಳುವುದು ಈ ಒಂದು ಮೂಲೆಗೆ ಮಾತ್ರವೇ ಎಂದು ಅವಳು ಕೇಳಲಿಲ್ಲ. ಉಗುರು ಹಾಕಿ ಕಾಗದ ಕಿತ್ತಳು.

ಆ ಮೂಲೆ ಉಳಿದ ಮೂರಕ್ಕಿಂತ ಹೆಚ್ಚು ಮಿಂಚುತ್ತಿತ್ತು. ನೋಡು, ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಗಂಡ ಉಬ್ಬಿದ. ಅವಳು ಕಪ್ಪು ಬಟ್ಟೆ ಹಿಡಿದಳು, ಟಾರ್ಚನ್ನು ಓರೆ ಮಾಡಿದಳು. ಹೊಳಪಿನ ಒಳಗೆ ಕೂದಲಿಗಿಂತ ತೆಳುವಾದ ಗೆರೆಗಳು. ಹಳೆಯ ಪಿಂಗಾಣಿ ಬಟ್ಟಲಿನ ಮೈಯಲ್ಲಿ ಇರುತ್ತವಲ್ಲ, ಹಾಗೆ ಬೆಸುಗೆಯುದ್ದಕ್ಕೂ ಬಿರಿದುಕೊಂಡಿದ್ದವು. ಉಗುರಿಗೆ ಏನೂ ಸಿಗುತ್ತಿರಲಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತಿತ್ತು.

“ಇದೇನೋ?”

ಅಳಿಯ ಬಗ್ಗಿ ನೋಡಿದ. ಹೊಸದಾಗಿ ಕಂಡವನ ಹಾಗೆ ನೋಡಿದ. ಅಷ್ಟರಲ್ಲಿ ಅವನ ಹೆಂಡತಿ ಹಿಂದಿನ ಕೋಣೆಯಿಂದ ಚಹಾ ತಂದಳು. ಮೇಜಿನ ತುದಿಯಲ್ಲಿ ಲೋಟಗಳನ್ನಿಟ್ಟು ಎಡಗೈಯಿಂದ ಚಹಾ ಬಗ್ಗಿಸತೊಡಗಿದಳು. ಅವಳನ್ನು ಕಂಡೊಡನೆ ಅಳಿಯನಿಗೆ ಉತ್ತರ ಸಿಕ್ಕಿತು.

“ಆ ಮೂಲೆಗೆ ಇವಳ ಕೈ ಬಿತ್ತು ಅತ್ತೆ. ಬೇಡ ಅಂದೆ, ಕೇಳಲಿಲ್ಲ. ಆದರೂ ಸೋರಲ್ಲ ಬಿಡಿ.”

ಹೆಂಡತಿಯ ಕೈ ಒಂದು ಗಳಿಗೆ ನಿಂತಿತು. ಒಂದು ಲೋಟ ಅರ್ಧ ತುಂಬಿ, ಮತ್ತೆ ತುಂಬಿತು. ಅವಳು ತಲೆ ಎತ್ತದೆ ಮುಂದಿನ ಲೋಟಕ್ಕೆ ಕೈ ಹಾಕಿದಳು. ಭೂತಗನ್ನಡಿಗೆ ಅಷ್ಟೇ ಸಾಕಾಯಿತು. ಹೊಲಿಗೆ ಕಲಿಯಲು ಬಂದ ಎಷ್ಟೋ ಹುಡುಗಿಯರನ್ನು ನೋಡಿದ್ದಳು. ಬಟ್ಟೆ ಕೆಡಿಸಿದವಳೇ ಎಲ್ಲರಿಗಿಂತ ಸುಮ್ಮನಿರುವವಳು. ಕಸುಬು ಗೊತ್ತಿಲ್ಲದಿದ್ದರೆ ಚಹಾ ಕಾಸಿಕೊಂಡಿರಬೇಕಿತ್ತು ಎಂದು ಅಂದೇಬಿಟ್ಟಳು. ಗಂಡ ಕೆಮ್ಮಿದ. ಅಳಿಯ ದೊಡ್ಡ ಮನಸ್ಸಿನವನ ಹಾಗೆ, ಹೋಗಲಿ ಅತ್ತೆ, ಅವಳಿಗೇನು ಗೊತ್ತು ಎಂದ.

ಆ ಮಾತಿನಿಂದಲೇ ಎಲ್ಲ ಕೆಟ್ಟದ್ದು. ಅವನು ಅಷ್ಟು ಬೇಗ ಕ್ಷಮಿಸದೇ ಇದ್ದಿದ್ದರೆ ಅವಳು ಚಹಾ ಕುಡಿದು, ಅತ್ತಿತ್ತ ಗೊಣಗಿ ಮನೆಗೆ ಹೋಗುತ್ತಿದ್ದಳೋ ಏನೋ. ತನ್ನ ಸಾಮಾನು ಕೆಡಿಸಿದವಳನ್ನು ಇಷ್ಟು ಸಲೀಸಾಗಿ ಕ್ಷಮಿಸುವ ಗಂಡಸನ್ನು ಅವಳು ಎಲ್ಲೂ ಕಂಡಿರಲಿಲ್ಲ. ಅವಳ ಮನೆಯಲ್ಲಂತೂ ಇರಲಿಲ್ಲ. ಚಹಾದ ಲೋಟ ಹಿಡಿದುಕೊಂಡೇ ಅವಳು ಮತ್ತೆ ನಾಲ್ಕನೆಯ ಮೂಲೆಗೆ ಬಗ್ಗಿದಳು. ಒಣಗಿದ ಹನಿ ಇಲ್ಲೂ ಇತ್ತು. ಆದರೆ ಮೇಲ್ತುದಿಯಲ್ಲಿ ಅಲ್ಲ, ಕೆಳತುದಿಯಲ್ಲಿ.

ಒಂದೇ ಅಂಗಿಯನ್ನು ಇಬ್ಬರು ಹೊಲಿದರೆ ಅವಳು ದೂರದಿಂದಲೇ ಹೇಳುತ್ತಿದ್ದಳು. ಒಬ್ಬೊಬ್ಬರ ಕೈ ಒಂದೊಂದು ಕಡೆಯಿಂದ ಶುರುವಾಗುತ್ತದೆ, ಒಂದೊಂದು ಕಡೆ ನಿಲ್ಲುತ್ತದೆ. ಇಲ್ಲಿ ಮೂರು ಮೂಲೆ ಒಂದು ಕೈ, ನಾಲ್ಕನೆಯದು ಇನ್ನೊಂದು ಕೈ. ಅಷ್ಟರ ಮಟ್ಟಿಗೆ ಅಳಿಯನ ಮಾತು ನಿಜವೇ. ಆದರೆ ಯಾವ ಕೈ ಯಾರದು?

ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಗಂಡಸರು ತಡೆಯಲಿಲ್ಲ; ಲೋಟ ಹಿಡಿದು ಹೋಗುವ ಹೆಂಗಸನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಒಳಗೆ ನಲ್ಲಿ, ಒಲೆ, ಮಡಿಸಿಟ್ಟ ಹಾಸಿಗೆ, ಪಕ್ಕದಲ್ಲೇ ಒಂದು ಪುಟ್ಟ ಕೆಲಸದ ಹಲಗೆ. ಹಲಗೆಯ ಮೇಲೆ ಎರಡು ತುಂಡು ಅಕ್ರಿಲಿಕ್ ನಿಲ್ಲಿಸಿತ್ತು. ಯಾವುದೋ ಅಂಗಡಿಯ ಬಿಸ್ಕತ್ತಿನ ಡಬ್ಬಿ ಇರಬೇಕು. ಎರಡರ ನಡುವೆ ಸಾಲಾಗಿ ಗುಂಡುಸೂಜಿಗಳು. ಪಕ್ಕದಲ್ಲಿ ಬಟ್ಟೆ ತುಂಬಿದ ಸೂಜಿದಿಂಬು, ಥೇಟ್ ಅವಳ ಮನೆಯಲ್ಲಿ ಇದ್ದಂಥದ್ದೇ.

ಗುಂಡುಸೂಜಿ ಯಾಕೆ ಎಂದು ಕೇಳಿದಳು. ಅಳಿಯನ ಹೆಂಡತಿ ತಲೆ ಎತ್ತದೆ ಹೇಳಿದಳು: ಸೂಜಿ ಇಟ್ಟು ಸಂದು ಮಾಡಬೇಕು, ಸಂದಿಗೆ ಸಿರಿಂಜಿನಿಂದ ಅಂಟು ಬಿಡಬೇಕು, ಹಾಳೆ ಮೆತ್ತಗಾಗುವಷ್ಟು ಹೊತ್ತು ಕಾದು ಒಂದೊಂದೇ ಸೂಜಿ ಎಳೆಯಬೇಕು. ಬೇಗ ಎಳೆದರೆ ಒಣ ತೇಪೆ ಉಳಿಯುತ್ತದೆ, ತಡ ಮಾಡಿದರೆ ಗುಳ್ಳೆ. ಹೇಳುತ್ತಾ ಹೇಳುತ್ತಾ ಎಡಗೈಗೆ ಸಿರಿಂಜು ಬಂದಿತ್ತು. ತುದಿ ಬಲಗಡೆಯಿಂದ ಹೊರಟು ಎಡಕ್ಕೆ ಸರಿಯಿತು, ತುಂಡಿನ ಎಡ ಅಂಚಿನಲ್ಲಿ ಎತ್ತಿಕೊಂಡಿತು. ಅಲ್ಲೊಂದು ಪುಟ್ಟ ಹನಿ ನಿಂತಿತು. ತೊಟ್ಟಿಯನ್ನೂ ಹೀಗೇ ಮಲಗಿಸಿ, ಬಾಯಿ ಎಡಕ್ಕೆ ಬರುವಂತೆ ಇಟ್ಟು ಅಂಟು ಬಿಡುವುದು ಎಂದಳು.

ಭೂತಗನ್ನಡಿ ಆ ಹನಿಯನ್ನು ನೋಡಿದಳು. ಹೊರಗೆ ಅಳಿಯ ಬಲಗೈ ಬೀಸಿ ಬೀಸಿ ಮಾತಾಡುತ್ತಿದ್ದದ್ದು ಬಾಗಿಲಿನಿಂದ ಕಾಣುತ್ತಿತ್ತು.

“ಆ ಮೂರು ಮೂಲೆ ನಿಂದಾ?”

ಹುಡುಗಿ ಹಲಗೆಯ ಕಡೆ ಬಗ್ಗಿದಳು. ಸೂಜಿಗಳು ಒಂದೊಂದಾಗಿ ಹೊರಬಂದವು.

“ನಾಲ್ಕನೇದು ಮಾಡುವಾಗ ನೀನೆಲ್ಲಿದ್ದೆ?”

ಅಕ್ಕನಿಗೆ ಆಪರೇಷನ್ ಆಗಿತ್ತು ಎಂದಳು ಹುಡುಗಿ. ಅಡುಗೆಗೆ ಹೋಗಿದ್ದಳಂತೆ. ಅಲ್ಲಿ ಭಾವ ಇರಲಿಲ್ಲವೇ ಎಂದು ಇವಳು ಕೇಳಿದ್ದಕ್ಕೆ, “ಇದ್ರು. ಅವರಿಗೇ ಅಡುಗೆ ಮಾಡೋಕೆ ಹೋಗಿದ್ದು” ಎಂದಳು. ಮುಖದಲ್ಲಿ ನಗುವಿರಲಿಲ್ಲ, ತಮಾಷೆ ಮಾತ್ರ ಇತ್ತು.

ಆಮೇಲೆ ಮಾತು ತಾನಾಗಿಯೇ ಬಂತು. ಮಾವನಿಗೆ, ಅಂದರೆ ಟೈಲರಕ್ಕನ ಗಂಡನಿಗೆ, ಅವಸರ; ಕೊನೆಯ ಜೋಡಣೆಯೊಂದು ಉಳಿದಿತ್ತು. ಅವಳು ಅಂಚನ್ನು ಬ್ಲೇಡಿನಿಂದ ಕೆರೆದು ಸಿದ್ಧ ಮಾಡಿಟ್ಟಿದ್ದಳು. ಕೆರೆದ ಅಂಚು ನೋಡಲು ಮಂಕು. ಅವಳ ಗಂಡ ಬೋರ್ಡಿನ ಕೆಲಸದವನು. ಬೋರ್ಡಿನಲ್ಲಿ ಅಂಚು ಮಿಂಚಬೇಕು, ಮಿಂಚಲು ಅದಕ್ಕೆ ಬೆಂಕಿ ತೋರಿಸಬೇಕು. ಮಾವನ ಮನೆಗೆ ಹೋಗುವ ಸಾಮಾನಲ್ಲವೇ, ಮಂಕಾಗಿದ್ದರೆ ಹೇಗೆ ಎಂದುಕೊಂಡು ಉರಿ ಹಿಡಿದ. ಬೆಂಕಿ ಕಂಡ ಅಂಚು ಒಳಗೊಳಗೇ ಬಿಗಿದುಕೊಂಡಿರುತ್ತದೆ. ಅಂಟು ಸೋಕಿದೊಡನೆ ಬಿರಿಯುತ್ತದೆ. ಇವತ್ತು ನೀರು ನಿಂತೀತು. ಮುಂದೆ ಯಾವಾಗ ಬಿಡುತ್ತದೋ ಹೇಳುವ ಹಾಗಿಲ್ಲ.

“ಹಾಗಾದರೆ ಅವನು ಅಂದಾಗ ಬಾಯಿ ಬಿಡಬಾರದಿತ್ತೇನೇ? ನಾನು ಬೇರೆ ನಿನ್ನನ್ನ ಅಂದೆ.”

“ಜಾಯಿಂಟು ನಾನು ಮಾಡೋದು ಅಂತ ಗೊತ್ತಾದರೆ ಗಿರಾಕಿ ಬರಲ್ಲ ಅಂತಾರೆ ಅತ್ತೆ. ನೀವು ತೊಟ್ಟಿ ಬೇಡ ಅಂದುಬಿಡಿ. ನನ್ನ ಹೆಸರು ಮಾತ್ರ ಎತ್ತಬೇಡಿ.”

ಭೂತಗನ್ನಡಿ ಲೋಟ ತೊಳೆದು ಕವುಚಿಟ್ಟಳು. ಇದು ಯೋಚಿಸಬೇಕಾದ ವಿಷಯವಾಗಿತ್ತು. ಬೇಡ ಎಂದುಬಿಟ್ಟರೆ ತನ್ನ ಮೇಜು ಉಳಿಯುತ್ತದೆ, ಥಾನುಗಳು ಉಳಿಯುತ್ತವೆ. ಆದರೆ ಬಳಗದಲ್ಲಿ ಕಥೆ ಹೇಗೆ ಹರಡುತ್ತದೆಂದು ಅವಳಿಗೆ ಗೊತ್ತಿತ್ತು: ಹೆಂಡತಿ ಕೈಯಿಟ್ಟು ತೊಟ್ಟಿ ಕೆಡಿಸಿದಳಂತೆ, ಮಾವನಿಗೆ ಬೇಜಾರಾಯಿತಂತೆ. ಆಮೇಲೆ ಆ ಎಡಗೈಯಿಂದ ಸಿರಿಂಜು ಕಸಿದುಕೊಂಡರೂ ಕೇಳುವವರಿಲ್ಲ. ಆ ಕಥೆಗೆ ಮೊದಲ ಹೊಲಿಗೆ ಹಾಕಿದವಳು ತಾನೇ.

ಹೊರಗೆ ಬಂದು ಅಳಿಯನಿಗೆ ಹೇಳಿದಳು: ಆ ಕಡೆಯ ಕೊನೆಯನ್ನು ಕತ್ತರಿಸಿ ತೆಗೆದು ಹೊಸ ಹಾಳೆ ಕೂರಿಸಬೇಕು. ತೊಟ್ಟಿ ಗಿಡ್ಡವಾಗುತ್ತದಲ್ಲ ಎಂದ ಅವನು. ಆಗಲಿ ಎಂದಳು. ಅತ್ತ ಚೆನ್ನಾಗಿರುವ ಮೂಲೆಯೂ ಒಂದು ಹೋಗುತ್ತದೆ ಎಂದ. ಹೋಗಲಿ, ಮಾಡಿದ ಕೈ ಇದೆಯಲ್ಲ ಎಂದಳು. ಕೂರಿಸುವ ದಿನ ತಾನು ಬಂದು ಎದುರಿಗೇ ನಿಂತು ನೋಡುವೆನೆಂದೂ ಹೇಳಿದಳು. ಅಳಿಯ ಮಾವನ ಮುಖ ನೋಡಿದ. ಮಾವ ಗೋಡೆಗೆ ಒರಗಿಸಿದ ಅಕ್ಷರಗಳ ಕಡೆ ನೋಡುತ್ತಿದ್ದ. ಟಾರ್ಚಿನ ಬೆಳಕಿನಲ್ಲಿ ಆ ಗೆರೆಗಳನ್ನು ಅವನೂ ಕಂಡಿದ್ದ.

ಕೂರಿಸುವ ದಿನ ಅವಳು ಗಂಡನೊಡನೆ ಹೋದಾಗ ಕತ್ತರಿಸಿದ ತೊಟ್ಟಿ ಮಗ್ಗುಲಾಗಿ ಮಲಗಿತ್ತು. ಹೊಸ ಹಾಳೆ ಮೇಲೆ ಕೂತಿತ್ತು, ಸಂದಿನಲ್ಲಿ ಸೂಜಿಗಳು ಸಾಲಾಗಿದ್ದವು. ಕಿಟಕಿಗಳೆಲ್ಲ ತೆರೆದಿದ್ದವು. ಅಂಚು ಮಂಕಾಗಿತ್ತು; ಮೊದಲು ಅದನ್ನೇ ನೋಡಿಕೊಂಡಳು. ಅಳಿಯ ಸಿರಿಂಜು ಹಿಡಿದು ನಿಂತಿದ್ದ. ಹೆಂಡತಿ ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

“ಆ ಮೂರು ಮೂಲೆ ಮಾಡಿದ ಕೈಯೇ ಇದನ್ನೂ ಮಾಡಲಿ. ನಾನು ಕೇಳೋದು ಅಷ್ಟೇ” ಎಂದಳು ಭೂತಗನ್ನಡಿ.

ಎಲ್ಲಾ ನನ್ನ ಕೈಯೇ ಅತ್ತೆ ಎಂದ ಅಳಿಯ.

“ಸರಿ ಮಾಡು. ಹನಿ ಯಾವ ಕಡೆ ನಿಲ್ಲುತ್ತೆ ನೋಡ್ತೀನಿ.”

ಅವನು ಬಗ್ಗಿ ಸಿರಿಂಜಿನ ತುದಿಯನ್ನು ಎಡ ಅಂಚಿಗೆ ತಂದ. ಅಲ್ಲೇ ನಿಂತ. ಉಳಿದಿದ್ದ ಮೂಲೆಗಳ ಕಡೆ ಅವನ ಕಣ್ಣು ಹೋಯಿತು, ಆಮೇಲೆ ಅತ್ತೆಯ ಕಡೆ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ತುದಿಯಿಂದ ಒಂದು ಹನಿ ಕಂಬಳಿಗೆ ಬಿತ್ತು. ಅವನು ನೆಟ್ಟಗಾದ.

“ನನಗೆ ಇವತ್ತು ಕೈ ನಡುಗ್ತಿದೆ” ಎಂದು ಸಿರಿಂಜನ್ನು ಹೆಂಡತಿಯ ಕಡೆ ಚಾಚಿದ. “ಬಾ, ಬಿಡು ನೀನು.”

ಅವಳು ತಟ್ಟೆಯನ್ನು ಎಲ್ಲಿಡುವುದೆಂದು ಅತ್ತಿತ್ತ ನೋಡಿದಳು. ಭೂತಗನ್ನಡಿ ಅದನ್ನು ತೆಗೆದುಕೊಂಡು ತನ್ನ ಗಂಡನ ಕೈಗೆ ಕೊಟ್ಟಳು. ಅವನು ಆ ಕೆಲಸ ಮುಗಿಯುವವರೆಗೂ ಚಹಾದ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಎಡಗೈ ಬಲದಿಂದ ಎಡಕ್ಕೆ ಒಂದೇ ಉಸಿರಿನಲ್ಲಿ ಸರಿಯಿತು. ಅಂಟು ಸಂದಿನಲ್ಲಿ ತಾನೇ ದಾರಿ ಹುಡುಕಿಕೊಂಡು ಹರಿಯಿತು. ಹಾಳೆ ಮೆತ್ತಗಾಗುವಷ್ಟು ಹೊತ್ತು ಅವಳು ಕಾದಳು. ಆಮೇಲೆ ಸೂಜಿಗಳು ಒಂದರ ಹಿಂದೆ ಒಂದು ಹೊರಬಂದವು.

ತೊಟ್ಟಿ ಮನೆಗೆ ಬಂತು. ಗಿಡ್ಡವಾದದ್ದರಿಂದ ಅದಕ್ಕೂ ಅವಳ ಮೇಜಿಗೂ ನಡುವೆ ಒಬ್ಬರು ಮಂಡಿಯೂರಿ ಕೂರುವಷ್ಟು ಜಾಗ ಉಳಿಯಿತು. ನೀರು ತುಂಬುವ ಮೊದಲು ಅವಳು ನಾಲ್ಕೂ ಮೂಲೆಗಳನ್ನು ಮತ್ತೆ ಕಪ್ಪು ಬಟ್ಟೆ ಹಿಡಿದು ನೋಡಿದಳು. ಚೆನ್ನಾಗಿದ್ದವು. ಆದರೂ ಥಾನುಗಳನ್ನು ಮೇಜಿನ ಆಚೆ ಬದಿಗೆ ಎತ್ತಿಟ್ಟಳು. ಮಾಡಿದ ಕೈಯ ಮೇಲೆ ಅವಳಿಗೆ ನಂಬಿಕೆಯಿತ್ತು, ನೀರಿನ ಮೇಲೆ ಇರಲಿಲ್ಲ. ಕೊನೆಗೆ ಒರೆಸುವ ಬಟ್ಟೆಯನ್ನು ತಂದು, ಅಡುಗೆಮನೆಯ ಗೂಟಕ್ಕಲ್ಲ, ಗಂಡ ಮೀನು ನೋಡಲು ಹಾಕಿಕೊಂಡ ಕುರ್ಚಿಯ ಬೆನ್ನಿಗೆ ತಗುಲಿಸಿದಳು. ಒಂದು ಹನಿ ಜಿನುಗಿದರೂ ಒರೆಸುವವರು ನೀವು, ನೀರು ಬದಲಾಯಿಸುವವರೂ ನೀವು ಎಂದಳು. ಅಷ್ಟೇ ತಾನೇ ಎಂದ ಅವನು.

ಅಂಗಡಿಗೆ ಕೌಂಟರು ಬೇಕೆಂದು ಯಾರಾದರೂ ಅವಳ ಹತ್ತಿರ ಮಾತೆತ್ತಿದರೆ ಈಗಲೂ ಅಳಿಯನ ಕಾರ್ಖಾನೆಯ ದಾರಿ ತೋರಿಸುತ್ತಾಳೆ. ಮಾತುಕತೆ ಅವನ ಹತ್ತಿರ ಆಡಿ, ಜಾಯಿಂಟು ಮಾತ್ರ ಎಡಗೈಯಿಂದ ಆಗಬೇಕು ಅನ್ನಿ ಎನ್ನುತ್ತಾಳೆ. ಹಾಗೆ ಕೇಳಿಕೊಂಡು ಬಂದವರನ್ನು ಕಂಡು ಅವನು ಮುಖ ಗಂಟಿಕ್ಕುತ್ತಾನಂತೆ. ಆದರೂ ಒಳಗೆ ಕರೆಯುತ್ತಾನಂತೆ.

ಅವಳ ಗಂಡ ಮೀನು ನೋಡುತ್ತಾ ಕೂತದ್ದು ಮೊದಲ ಕೆಲವು ದಿನ ಮಾತ್ರ. ಈಗ ಬೆಳಿಗ್ಗೆ ಎದ್ದವನೇ ಅವಳ ಟಾರ್ಚು ಹುಡುಕುತ್ತಾನೆ. ಮೇಜಿಗೂ ತೊಟ್ಟಿಗೂ ನಡುವಿನ ಜಾಗದಲ್ಲಿ ಮಂಡಿಯೂರಿ, ಒಂದೊಂದು ಮೂಲೆಯನ್ನೂ ಬೆರಳಿನಿಂದ ಮೇಲಿಂದ ಕೆಳಗೆ ಸವರಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾನೆ.

“ಇಲ್ಲಿ ಬಾರೇ, ಇದು ಒದ್ದೆನಾ ನೋಡು” ಎಂದ ಮೊನ್ನೆ.

ಅವಳು ಸಮವಸ್ತ್ರದ ತೋಳು ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಎಲ್ಲಿಂದ ಬರ್ತಿದೆ ನೋಡಿ” ಎಂದಳು.